ಯಾವುದರಿಂದ ಎತ್ತರ?

ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ಟ್ರ್ಯಾಕ್ಟರಿನ ಬೂಮ್ (ನಾಜಲ್‌ಗಳನ್ನು ಹೊತ್ತ ಅಡ್ಡತೋಳು) ಪೈರಿನ ತಲೆಯಿಂದ ಎಷ್ಟು ಮೇಲಿರಬೇಕು? ನಾಜಲ್‌ಗಳ ನಡುವೆ 50 ಸೆಂ.ಮೀ. ಅಂತರವಿದ್ದು, ಒಂದೊಂದೂ 110 ಡಿಗ್ರಿ ಅಗಲಕ್ಕೆ ಚಿಮ್ಮಿದರೆ ಎತ್ತರವೂ 50 ಸೆಂ.ಮೀ. ತಗ್ಗಿದರೆ ಒಂದು ಸಾಲಿಗೆ ಅಭ್ಯಂಜನ, ಪಕ್ಕದ ಸಾಲಿಗೆ ಉಪವಾಸ. ಏರಿದರೆ ಗಾಳಿ ಔಷಧಿಯನ್ನು ಪಕ್ಕದವರ ಅಡಿಕೆ ತೋಟಕ್ಕೆ ಒಯ್ಯುತ್ತದೆ, ಆಮೇಲಿನದು ಪಂಚಾಯ್ತಿ.

ಇದನ್ನು ನನಗೆ ಹೇಳಿಕೊಟ್ಟ ಹರಿಹರದ ಸೋದರಮಾವ ರೈತರಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರಿನಲ್ಲಿ ಲೇತ್ ಜೋಡಿಸುತ್ತಿದ್ದವರು. ಕಾರ್ಖಾನೆಗೆ ಬೀಗ ಬಿದ್ದು ಎಷ್ಟೋ ವರ್ಷವಾದರೂ ಅಳೆಯುವ ಚಟ ಹೋಗಲಿಲ್ಲ. ದಾವಣಗೆರೆಗೆ ಬಂದರೆ ಬೆಣ್ಣೆದೋಸೆಯನ್ನೂ ಬಿಡುವುದಿಲ್ಲ: "ನಡುವಿಗೊಂದು ದಪ್ಪ, ಅಂಚಿಗೊಂದು ದಪ್ಪ. ಇದಕ್ಕೆ ಟಾಲರೆನ್ಸೇ ಇಲ್ಲ ನೋಡ್ಲೇ ತಮ್ಮಾ." ಹಾಗೆಂದು ತಟ್ಟೆಯಲ್ಲಿ ಚೂರೂ ಉಳಿಸುವುದಿಲ್ಲ.

ಹೊರದೇಶದ ದೊಡ್ಡ ಯಂತ್ರಗಳಲ್ಲಿ ಎತ್ತರ ಕಾಯುವುದು ಸೆನ್ಸರು. ನಮ್ಮ ಕಿವಿಗೆ ಕೇಳದ ಸದ್ದನ್ನು ಕೆಳಗೆ ಬಿಟ್ಟು, ಅದು ಮರಳಿ ಬರುವ ಹೊತ್ತಿನಿಂದ ಲೆಕ್ಕ ಹಾಕುತ್ತದೆ. ಅರ್ಧ ಮೀಟರ್ ಹೋಗಿಬರಲು ಸುಮಾರು 3 ಮಿಲಿಸೆಕೆಂಡು. ಬೂಮಿನ ಎಡಭಾಗ ಹಟ ಮಾಡಿದರೆ ಎಡದ ಸೆನ್ಸರನ್ನು ಬಲಕ್ಕೆ ಹಾಕಿ ನೋಡುತ್ತಾರೆ. ರೋಗವೂ ಬಲಕ್ಕೆ ಹೋಯಿತೋ, ಸೆನ್ಸರೇ ಕೆಟ್ಟಿದೆ. ಇಲ್ಲವಾದರೆ ವೈರು, ವಾಲ್ವು ಹುಡುಕಬೇಕು. ಎಳೆ ಪೈರಿನಲ್ಲಂತೂ ಸದ್ದು ಎಲೆಗಳ ಸಂದಿಯಲ್ಲಿ ನುಸುಳಿ ಮಣ್ಣಿಗೆ ಬಡಿದು ಬರುತ್ತದೆ. ಯಂತ್ರ ನೆಲವನ್ನೇ ಪೈರೆಂದು ನಂಬಿ ಬೂಮ್ ತಗ್ಗಿಸುತ್ತದೆ.

ನಮ್ಮಣ್ಣನ ಹೊಲದಲ್ಲಿ ಈ ವೈಭವವಿಲ್ಲ. ಅಲ್ಲಿ ಎತ್ತರ ಕಾಯುವುದು ಚೌಕಟ್ಟಿನ ತೂತುಗಳು, ಒಂದು ಪಿನ್ನು, ಲಿಫ್ಟಿನ ಲಿವರು ಮತ್ತು ಡ್ರೈವರನ ಮೂಡು. ಎಡ ರೆಕ್ಕೆ ಜೋಳದ ತಲೆ ಸವರತೊಡಗಿದಾಗ ಅಣ್ಣ ಡ್ರೈವರನನ್ನು ಬೈದ, ಡ್ರೈವರ ಹೊಲವನ್ನು ಬೈದ. ಮಾವ ಯಾರನ್ನೂ ಬೈಯದೆ ಮೊದಲು ಟೈರಿನ ಗಾಳಿ ನೋಡಿದರು. "ಚಕ್ರ ಎರಡಿಂಚು ಕುಸಿದ್ರೆ ಐದು ಮೀಟರ್ ಆಚೆಗಿರೋ ತುದಿ ಒಂದು ಗೇಣು ಇಳೀತೈತಿ." ಗಾಳಿ ಸರಿಯಿತ್ತು. ಆಮೇಲೆ ಬೂಮಿನ ತುದಿ ಹಿಡಿದು ಅಲ್ಲಾಡಿಸಿದರು. ಕೀಲಿನ ಬುಷ್ ಸವೆದಿತ್ತು.

ಹೊಸ ಬುಷ್ ಕಡೆಸಲು ಹರಿಹರದ ಲೇತ್ ಅಂಗಡಿಗೆ ನಾನೂ ಹೋದೆ. ಅಲ್ಲಿದ್ದದ್ದು ಇವರ ಕಾರ್ಖಾನೆಯದೇ ಹಳೆಯ ಲೇತು. ಮಾವ ಅಂಗಡಿಯ ಹುಡುಗನಿಗೆ ಅಳತೆ ಹೇಳುವುದನ್ನು ಬಿಟ್ಟು ಅದರ ಹಾಸಿನ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟರು. ಹುಡುಗ ಎರಡು ಸಲ ಕೇಳಿದ: "ಎಷ್ಟು ಎಂಎಂ ಅಜ್ಜಾ?" ಅಜ್ಜ ಅಂದದ್ದಕ್ಕೆ ಮಾವ ಬೇಸರಪಟ್ಟಂತೆ ಕಾಣಲಿಲ್ಲ. "ಎಣ್ಣಿ ಹಾಕಲ್ಲೇನೋ ಇದಕ್ಕ?" ಅಂದರು.

ಬೂಮ್ ಸರಿಹೋಯಿತು. ಆದರೆ ಸೈನಿಕ ಹುಳುವಿಗೆ ಇದೆಲ್ಲ ಲೆಕ್ಕಕ್ಕಿಲ್ಲ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾದ ಈ ಹುಳು ಜೋಳದ ಸುಳಿಯೊಳಗೆ ಅಡಗಿ ಕೂರುತ್ತದೆ. ಬೆನ್ನಿಗೆ ಪಂಪು ಹೊತ್ತವರು ಗಿಡಗಿಡಕ್ಕೂ ನಿಂತು ಸುಳಿಗೇ ಬಿಡುತ್ತಿದ್ದರು. ಈಗ ಅವರೆಲ್ಲ ಬೆಂಗಳೂರು ಬಸ್ಸು ಹತ್ತಿದ್ದಾರೆ.

ಈ ಸಲ ಅಣ್ಣ ಡ್ರೋನ್ ಕರೆಸಿದ. ಮಾವ ಕೊಡೆ ಊರಿಕೊಂಡು ಬದುವಿನ ಮೇಲೆ ಹಾಜರು.

"ಎಷ್ಟು ಎತ್ತರದಾಗ ಹಾರತೈತಪಾ?"

"ಎರಡೂವರೆ ಮೀಟರ್, ಅಂಕಲ್."

"ಯಾವುದರಿಂದ? ನೆಲದಿಂದನೋ, ಪೈರಿನಿಂದನೋ?"

ಡ್ರೋನ್ ಹುಡುಗ ರಿಮೋಟಿನ ಪರದೆಯಲ್ಲಿ ಹುಡುಕತೊಡಗಿದ. ಮಾವ ಜೇಬಿನಿಂದ ಟೇಪು ತೆಗೆದರು.