ಆಗುಂಬೆಯ ಮಳೆಯಲ್ಲಿ ಒಂದು ಹಳೆಯ ಮಟಡೋರ್

ಆಗುಂಬೆಯನ್ನು ಕುರಿತು ಬರೆದವರೆಲ್ಲ ಅಲ್ಲಿಯ ಸೂರ್ಯಾಸ್ತವನ್ನು ಬಣ್ಣಿಸಿದ್ದಾರೆ. ಆಕಾಶ ನಿರ್ಮಲವಾಗಿರುವ ದಿನಗಳಲ್ಲಿ ಘಾಟಿಯ ನೆತ್ತಿಯ ಮೇಲೆ ನಿಂತರೆ, ದೂರದ ಅರಬ್ಬೀ ಸಮುದ್ರದೊಳಕ್ಕೆ ಸೂರ್ಯ ಇಳಿಯುವುದು ಕಾಣುತ್ತದೆಯಂತೆ. ನನಗೆ ಆ ಭಾಗ್ಯ ಇನ್ನೂ ಒದಗಿಲ್ಲ. ನಾನು ಅಲ್ಲಿ ಕಳೆದ ಸಂಜೆ ಹತ್ತು ಮಾರು ದೂರದ ಮರವೂ ಕಾಣುತ್ತಿರಲಿಲ್ಲ. ಆದರೂ ಆ ಊರನ್ನು ನಾನು ಮರೆಯಲಾರೆ. ಅದಕ್ಕೆ ಕಾರಣ ಸೂರ್ಯನಲ್ಲ. ಹೆಬ್ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಕಡ್ಡಿ.

ಹೆಬ್ರಿಯಲ್ಲಿರುವ ನಮ್ಮ ಅಕ್ಕನ ಮಗಳು ಹೆಣ್ಣುಮಗುವನ್ನು ಹೆತ್ತಿದ್ದಳು. ಹನ್ನೆರಡನೆಯ ದಿನ ನಾಮಕರಣ. ಮಗುವನ್ನು ನಮ್ಮ ಮನೆಯ ಬೀಟೆಮರದ ತೊಟ್ಟಿಲಿನಲ್ಲೇ ಹಾಕಬೇಕೆಂಬುದು ಅಮ್ಮನ ಹಟ. ಅಮ್ಮ ಆಡಿದ, ನಾವು ಆಡಿದ, ನಮ್ಮ ಮಕ್ಕಳೂ ಆಡಿದ ತೊಟ್ಟಿಲು ಅದು. ಕಾರಿನಲ್ಲಿ ಅದು ಹಿಡಿಸದು. ಆದುದರಿಂದ ಅಣ್ಣ ತನ್ನ 1978ರ ಮಟಡೋರ್ ವ್ಯಾನನ್ನು ಹೊರಡಿಸಿದ.

ಈ ವಾಹನವನ್ನು ಕಾಣದ ಕನ್ನಡಿಗರು ವಿರಳ. ಪುಣೆಯ ಬಜಾಜ್ ಟೆಂಪೋ ಕಾರ್ಖಾನೆಯಿಂದ 1969ರ ಬಳಿಕ ಮೂರು ದಶಕಗಳ ಕಾಲ ಅವು ಹೊರಬಂದವು. ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ತರಕಾರಿ, ನಾಟಕದ ಪರದೆ, ಎಲ್ಲವನ್ನೂ ಹೊತ್ತವು. ಈಗ ಅವು ಗುಜರಿ ಅಂಗಡಿಯಲ್ಲಿ ಕಾಣುವುದೇ ಹೆಚ್ಚು. ಅಣ್ಣನಿಗೆ ಮಾತ್ರ ತನ್ನ ವ್ಯಾನಿನ ಮೇಲೆ ಹಿರಿಯ ಮಗನ ಮೇಲಿನಷ್ಟೇ ಪ್ರೀತಿ.

ಶ್ರಾವಣದ ಒಂದು ಮಧ್ಯಾಹ್ನ ಶಿವಮೊಗ್ಗೆಯಿಂದ ಹೊರಟೆವು. ಅಮ್ಮ, ಅಣ್ಣ, ಅತ್ತಿಗೆ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಹಿಂದೆ ಹಳೆಯ ಸೀರೆಗಳಲ್ಲಿ ಸುತ್ತಿದ ತೊಟ್ಟಿಲು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡುಕಟ್ಟಿ ಕುಳಿತಿದ್ದವು. ತೀರ್ಥಹಳ್ಳಿಯಲ್ಲಿ ಕಾಫಿ ಕುಡಿದು, ಕೆಂಪಾಗಿ ಹರಿಯುತ್ತಿದ್ದ ಹೊಳೆಗೆ ಅಮ್ಮ ಕೈಮುಗಿದಳು. ಅಲ್ಲಿಂದ ಮುಂದೆ ಮಳೆ ತನ್ನ ನಿಜರೂಪವನ್ನು ತೋರಿತು.

ಆಗುಂಬೆಯ ಮಳೆಯೆಂದರೆ ಪಟ್ಟಣದವರು ಕಂಡ ಮಳೆಯಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಡಲಿನಿಂದ ಬರುವ ತೇವದ ಗಾಳಿ ಪಶ್ಚಿಮಘಟ್ಟದ ಗೋಡೆಗೆ ತಾಗಿ ಮೇಲೇರಿ, ತಣ್ಣಗಾಗಿ, ಹೊತ್ತ ನೀರನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ ಅಲ್ಲಿ 4,508 ಮಿಲಿಮೀಟರ್ ಮಳೆಯಾಯಿತೆಂದು ದಾಖಲೆಯಿದೆ. ಆ ನೀರೆಲ್ಲ ಹರಿದುಹೋಗದೆ ನಿಂತಿದ್ದರೆ ಒಂದು ಹೆಂಚಿನ ಮನೆ ಮುಳುಗುತ್ತಿತ್ತು!

ಅಂಥ ಮಳೆಯಲ್ಲಿ ನಮ್ಮ ವೈಪರ್ ದಣಿಯಲಾರಂಭಿಸಿತು. ಮೊದಲು ಮುದುಕರ ಕೈಯಂತೆ ನಡುಗಿತು. ಬಳಿಕ ಗಾಜಿನ ಅರ್ಧದಲ್ಲಿ ನಿಂತು, ಯೋಚಿಸಿ, ಹಿಂದಿರುಗಿತು. ಆಗುಂಬೆಗೆ ಒಂದು ಮೈಲಿ ಇರುವಾಗ ಪೂರ್ತಿಯಾಗಿ ನಿಂತೇಹೋಯಿತು. ವ್ಯಾನಿನೊಳಗೆ ಸುಟ್ಟ ವಾಸನೆ ಹಬ್ಬಿತು. ಅಣ್ಣ ಸ್ವಿಚ್ಚನ್ನು ಆರಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ನೆನೆಯುತ್ತಲೇ ಬಂಡಿಯನ್ನು ಊರಿಗೆ ಮುಟ್ಟಿಸಿದ. ಆಗ ಸಂಜೆ ಐದು ಗಂಟೆ. ಮುಂದೆ ಸೋಮೇಶ್ವರದವರೆಗೆ ಇಳಿಯಬೇಕಾದ ಘಾಟಿ. ಅದರಲ್ಲಿ ಹದಿನಾಲ್ಕು ಬಿಗಿಯಾದ ತಿರುವುಗಳು. ನಾಮಕರಣದ ಮುಹೂರ್ತ ಮರುದಿನ ಬೆಳಿಗ್ಗೆ ಹತ್ತೂವರೆಗೆ.

ರಸ್ತೆಯ ಬದಿಯ ತಗಡಿನ ಶೆಡ್ಡಿನಲ್ಲಿ ಒಬ್ಬ ವೃದ್ಧ ಮೆಕ್ಯಾನಿಕ್ ಇದ್ದರು. ಮೂವತ್ತು ವರ್ಷ ಬಸ್ಸುಗಳನ್ನು ರಿಪೇರಿ ಮಾಡಿ ದಣಿದವರು. ಅಣ್ಣ ಆತುರದಿಂದ, “ಮೋಟಾರು ಕೆಟ್ಟಿದೆ, ಮೇಸ್ತ್ರಿ! ಹೋದ ವರ್ಷವಷ್ಟೇ ಪಟ್ಟಣದ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದೆ” ಎಂದ.

“ಕೆಟ್ಟಿದೆ ಎಂದು ಮೋಟಾರು ನಿಮಗೆ ಹೇಳಿತೇ, ಮಾರಾಯ್ರೇ? ಸ್ವಲ್ಪ ತಡೆಯಿರಿ, ನಾನೂ ಕೇಳುತ್ತೇನೆ” ಎಂದರು ಅವರು.

ಮೊದಲು ಫ್ಯೂಸಿನ ಪೆಟ್ಟಿಗೆಯನ್ನು ತೆರೆದರು. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪನೆಯ ತಾಮ್ರದ ತಂತಿಯನ್ನು ಸುತ್ತಿದ್ದರು. ಮೇಸ್ತ್ರಿಯ ಮುಖ ಗಂಭೀರವಾಯಿತು. “ಫ್ಯೂಸು ಇರುವುದೇ ತಾನು ಸುಟ್ಟು ಬಂಡಿಯನ್ನು ಉಳಿಸಲಿಕ್ಕೆ. ಅದು ಮೇಲಿಂದ ಮೇಲೆ ಸುಟ್ಟರೆ ಏಕೆ ಸುಟ್ಟಿತೆಂದು ನೋಡಬೇಕು. ಬಾಯಿ ಕಟ್ಟಿದರೆ ನೋವು ಹೋಗುತ್ತದೆಯೇ?” ಎಂದು ತಂತಿಯನ್ನು ಕಿತ್ತು ಎಸೆದರು. ಮಕ್ಕಳನ್ನು ಕೂರಿಸಿಕೊಂಡು ಬಂದ ನಮಗೆ ಎದೆ ಝಲ್ಲೆಂದಿತು.

ಸರಿಯಾದ ಫ್ಯೂಸನ್ನು ಹಾಕಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮಲಗಿ, ಮೋಟಾರಿಗೂ ವೈಪರಿಗೂ ನಡುವೆ ಇರುವ ಸರಳನ್ನು ಕಳಚಿದರು. ಸ್ವಿಚ್ ಹಾಕಿದೊಡನೆ ಮೋಟಾರು ಗುಂಯ್ ಎಂದು ಹಗುರವಾಗಿ ತಿರುಗಿತು. ದೋಷ ಅದರಲ್ಲಿರಲಿಲ್ಲ! ಹೊರಗೆ ಬಂದು ಎರಡೂ ಕಡ್ಡಿಗಳನ್ನು ಕೈಯಿಂದ ಅಲುಗಿಸಿದರು. ಬಲಗಡೆಯದು ಸಲೀಸಾಗಿ ಆಡಿತು. ಎಡಗಡೆಯದು ಕಲ್ಲಿನಲ್ಲಿ ನೆಟ್ಟ ಮೊಳೆಯಂತೆ ಮಿಸುಕಲಿಲ್ಲ.

ವೈಪರಿನ ಗುಟ್ಟು ಅಷ್ಟೇ. ಮೋಟಾರಿನ ಸುತ್ತುವಿಕೆಯನ್ನು ಹಲ್ಲುಚಕ್ರ ನಿಧಾನಗೊಳಿಸುತ್ತದೆ. ಸರಳುಗಳು ಅದನ್ನು ಅತ್ತಿಂದಿತ್ತ ಆಡುವ ಚಲನೆಯಾಗಿಸುತ್ತವೆ. ಗಾಜಿನ ಕೆಳಗಿನ ಎರಡು ಸ್ಪಿಂಡಲುಗಳು ರಬ್ಬರ್ ಹಿಡಿದ ತೋಳುಗಳನ್ನು ಆಡಿಸುತ್ತವೆ. ಎರಡು ಎತ್ತಿನ ನೊಗದಂತೆ, ಒಂದು ನಿಂತರೆ ಇನ್ನೊಂದೂ ನಿಲ್ಲಲೇಬೇಕು. ಎಡ ಸ್ಪಿಂಡಲಿನ ಸುತ್ತಲಿನ ರಬ್ಬರ್ ಒಡೆದು, ಹಲವು ಮಳೆಗಾಲಗಳ ನೀರು ಒಳಕ್ಕಿಳಿದು, ಉಕ್ಕು ತುಕ್ಕುಹಿಡಿದು ಬುಷ್ಷಿಗೆ ಅಂಟಿಕೊಂಡಿತ್ತು. ಅದನ್ನು ಎಳೆಯಲಾರದೆ ಮೊದಲಿನ ಮೋಟಾರು ಕೆಟ್ಟಿತು. ಎರಡನೆಯದೂ ಅದೇ ದಾರಿ ಹಿಡಿದಿತ್ತು. ಅಣ್ಣ ಮೋಟಾರಿಗೆ ಸುರಿದ ಹಣವೆಲ್ಲ ಹತ್ತು ಹನಿ ಎಣ್ಣೆಯ ಕೆಲಸಕ್ಕೆ ತೆತ್ತ ದಂಡ.

ಸ್ಪಿಂಡಲನ್ನು ಕಳಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಅದು ನೆನೆಯುವಷ್ಟು ಹೊತ್ತು ಹರಟೆ. ಈ ಉಪಕರಣಕ್ಕೆ ಪೇಟೆಂಟ್ ಪಡೆದ ಮೊದಲಿಗರಲ್ಲಿ ಒಬ್ಬಳು ಹೆಂಗಸು ಎಂದು ನಾನು ಹೇಳಿದೆ. ಅಮೆರಿಕದ ಅಲಬಾಮಾದ ಮೇರಿ ಆ್ಯಂಡರ್‌ಸನ್ 1903ರಲ್ಲಿ ಪಡೆದ ಪೇಟೆಂಟಿನಲ್ಲಿ, ಚಾಲಕನು ಒಳಗೆ ಕುಳಿತೇ ಹಿಡಿಕೆಯನ್ನಾಡಿಸಿ ಗಾಜನ್ನು ಒರೆಸುವ ಏರ್ಪಾಡಿತ್ತು. 1926ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ವಿದ್ಯುತ್ ವೈಪರನ್ನು ತಂದಿತು. ಮೇಸ್ತ್ರಿಯೂ ಸುಮ್ಮನಿರಲಿಲ್ಲ. ಎಂಜಿನ್ನಿನ ಹೀರುವ ಬಲದಿಂದ ಓಡುತ್ತಿದ್ದ ಹಳೆಯ ಕಾಲದ ವೈಪರುಗಳು ಏರು ಹತ್ತುವಾಗ ಬಸವಳಿದು ನಿಲ್ಲುತ್ತಿದ್ದುದನ್ನೂ, ಹಿಂದಿನ ಡ್ರೈವರುಗಳು ಮಳೆನೀರು ಹನಿಗಟ್ಟದಿರಲೆಂದು ಗಾಜಿಗೆ ಹೊಗೆಸೊಪ್ಪು ತಿಕ್ಕುತ್ತಿದ್ದುದನ್ನೂ ನಕ್ಕು ನೆನೆದರು. “ಹೆಂಗಸು ಯೋಚಿಸಿದ್ದೇ ಸರಿ. ಒರೆಸುವ ಕಷ್ಟ ಗೊತ್ತಿರುವುದು ನಮಗೆ ತಾನೆ?” ಎಂದಳು ಅಮ್ಮ.

ಆಮೇಲೆ ಎಮರಿ ಕಾಗದದಿಂದ ತುಕ್ಕನ್ನು ಉಜ್ಜಿ, ಗ್ರೀಸ್ ಸವರಿ, ಸೈಕಲ್ಲಿನ ಹಳೆಯ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ನೀರಿಳಿಯದಂತೆ ಕೂರಿಸಿದರು. ಸವೆದು ಸಡಿಲಾಗಿದ್ದ ಸರಳಿನ ಕೀಲಿಗೆ ಒಂದು ವಾಷರ್, ಒಂದು ಕಾಟರ್ ಪಿನ್ನು. ಎರಡು ರಬ್ಬರ್ ಪಟ್ಟಿಗಳಲ್ಲಿ ಮೆತ್ತಗಿದ್ದುದನ್ನು ಚಾಲಕನ ಕಡೆಗೆ ಬದಲಿಸಿದರು. ಸ್ವಿಚ್ ಹಾಕಿದರು. ಟಕ್, ಟಕ್, ಟಕ್! ಗಾಜು ಕಣ್ಣು ತೆರೆದಂತಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಗಂಟೆ ಏಳೂವರೆ. ಅಣ್ಣ ಕೀಲಿಕೈ ಹಿಡಿದು ಎದ್ದ. “ಈಗ ಹೊರಟರೆ ಒಂಬತ್ತಕ್ಕೆ ಊಟಕ್ಕೆ ಹೆಬ್ರಿಯಲ್ಲಿರುತ್ತೇವೆ.”

ಮೇಸ್ತ್ರಿ ರಸ್ತೆಯ ಕಡೆಗೆ ಕೈತೋರಿದರು. ಅಲ್ಲಿ ರಸ್ತೆಯೇ ಇರಲಿಲ್ಲ. ಬಿಳಿಯ ಮಂಜಿನ ಗೋಡೆಯೊಂದಿತ್ತು. “ನೀರನ್ನು ಒರೆಸುವ ವೈಪರನ್ನು ಸರಿಮಾಡಿದ್ದೇನೆ. ಮಂಜನ್ನು ಒರೆಸುವ ವೈಪರ್ ಇನ್ನೂ ಹುಟ್ಟಿಲ್ಲ, ಮಾರಾಯ್ರೇ.”

ಅಣ್ಣ ವಾದಿಸಿದ. ಮುಹೂರ್ತದ ಮಾತೆತ್ತಿದ. ನನಗೂ ಹೊರಡುವ ಮನಸ್ಸೇ. ಇಷ್ಟು ಹೊತ್ತು ಕಾದುದು ವ್ಯರ್ಥವಾಗಬಾರದೆಂಬ ಚಪಲ. ಆಗ ಅಮ್ಮ ಹೇಳಿದಳು: “ತೊಟ್ಟಿಲಿಲ್ಲದಿದ್ದರೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹೆಸರಿಡಬಹುದು. ನಾವೇ ಇಲ್ಲದಿದ್ದರೆ ಆ ಹೆಸರನ್ನು ಕರೆಯುವವರು ಯಾರೋ?”

ಅಣ್ಣ ಮಾತಾಡದೆ ಕೀಲಿಕೈಯನ್ನು ಜೇಬಿಗೆ ಹಾಕಿದ. ಆ ರಾತ್ರಿ ಮೇಸ್ತ್ರಿಯ ಮನೆಯ ಜಗುಲಿಯೇ ನಮಗೆ ಬಿಡಾರ. ಬಿಸಿ ಗಂಜಿ, ಹುರಿದ ಹಪ್ಪಳ, ಮಿಡಿಮಾವಿನ ಉಪ್ಪಿನಕಾಯಿ. ಹೆಂಚಿನ ಮೇಲೆ ಬೆಳಗಿನವರೆಗೂ ಮಳೆ ಒಂದೇ ಸಮನೆ ಸುರಿಯಿತು.

ಆರೂವರೆಗೆ ಮಂಜು ಹರಿಯಿತು. ಮಳೆ ಮಾತ್ರ ಹರಿಯಲಿಲ್ಲ. ಮೊದಲನೆಯ ಗೇರಿನಲ್ಲಿ, ತಿರುವು ತಿರುವಿಗೂ ಹಾರನ್ ಮಾಡುತ್ತ ಅಣ್ಣ ಘಾಟಿಯನ್ನು ಇಳಿಸಿದ. ಮಕ್ಕಳು ತಿರುವುಗಳನ್ನು ಎಣಿಸಿದರು. ಒಂಬತ್ತನೆಯದನ್ನು ದಾಟಿದಾಗ ರಸ್ತೆಯ ಅಂಚು ಕುಸಿದು, ಒಂದು ಮರ ಅಡ್ಡಡ್ಡ ವಾಲಿ ನಿಂತಿದ್ದುದು ಕಂಡಿತು. ಹಗಲಿನಲ್ಲಿ, ಒರೆಸಿದ ಗಾಜಿನಲ್ಲಿ, ಅದು ಐವತ್ತು ಅಡಿ ದೂರದಿಂದಲೇ ಕಂಡಿತು. ಅಣ್ಣ ಬಂಡಿಯನ್ನು ಒಳಬದಿಗೆ ಸರಿಸಿ ಮೆಲ್ಲನೆ ದಾಟಿಸಿದ. ರಾತ್ರಿಯ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಒಂಬತ್ತು ಗಂಟೆಗೆ ಹೆಬ್ರಿಯ ಅಂಗಳದಲ್ಲಿ ತೊಟ್ಟಿಲು ಇಳಿಯಿತು.

ಮೂರು ದಿನಗಳ ನಂತರ ಹಿಂದಿರುಗುವಾಗ ಹೋಳಿಗೆಯ ಡಬ್ಬಿಯೊಂದಿಗೆ ಆ ಶೆಡ್ಡಿನ ಮುಂದೆ ನಿಂತೆವು. ಅಮ್ಮ ಡಬ್ಬಿಯನ್ನು ನೀಡಿದಳು. ಮೇಸ್ತ್ರಿ ಅದನ್ನು ಬೆಂಚಿನ ಮೇಲಿಟ್ಟು, ನೇರವಾಗಿ ವ್ಯಾನಿನ ಮುಂದೆ ಹೋಗಿ, ಎಡಗಡೆಯ ವೈಪರನ್ನು ಎತ್ತಿ, ಎರಡು ಬಾರಿ ಆಡಿಸಿ ನೋಡಿದರು.

“ಟ್ಯೂಬಿನ ಉಂಗುರ ಈ ಮಳೆಗಾಲಕ್ಕೆ ಮಾತ್ರ. ಮುಂದಿನ ಜ್ಯೇಷ್ಠಕ್ಕೆ ಮೊದಲು ಹೊಸ ಬುಷ್, ಹೊಸ ರಬ್ಬರ್ ಹಾಕಿಸಬೇಕು” ಎಂದರು ಅಣ್ಣನಿಗೆ. ಆಮೇಲೆ ಅಮ್ಮನ ಕಡೆಗೆ ತಿರುಗಿ, “ಮಗುವಿಗೆ ಏನು ಹೆಸರಿಟ್ಟಿರಿ, ಅಮ್ಮಾ?” ಎಂದು ಕೇಳಿದರು.

“ವರ್ಷಾ” ಎಂದಳು ಅಮ್ಮ.