ಒಡೆದ ಗಾಡಿಯ ಒಳಮೈ

ಮೋಟಾರು ಗಾಡಿಯೆಂದರೆ ತಗಡು ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಗುದ್ದಿದರೆ ತಗ್ಗು ಬೀಳಬೇಕು, ತಗ್ಗು ಬಿದ್ದರೆ ಸುತ್ತಿಗೆಯಿಂದ ತಟ್ಟಿ ಎತ್ತಬೇಕು. ಅದು ಗಾಡಿಯ ಧರ್ಮ, ಇದು ರಿಪೇರಿಯವನ ಕರ್ಮ. ಆದರೆ ಗುದ್ದಿದರೆ ತಗ್ಗು ಬೀಳದೆ ಮಡಕೆಯಂತೆ ಒಡೆಯುವ ಗಾಡಿಗಳೂ ಲೋಕದಲ್ಲಿವೆ. ಗಾಜಿನ ನಾರನ್ನು ರಾಳದಲ್ಲಿ ನೆನೆಸಿ, ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ ಮಾಡಿದ ಮೈ ಅವುಗಳದು. ಅದನ್ನೇ ಫೈಬರ್ ಗ್ಲಾಸ್ ಎನ್ನುತ್ತಾರೆ.

ಅಮೆರಿಕದ ಕಾರ್ವೆಟ್ ಎಂಬ ಓಟದ ಗಾಡಿ 1953ರಲ್ಲಿ ಇಂಥ ಮೈ ಹೊತ್ತು ಹೊರಬಂದಿತು. ನಮ್ಮ ಬೆಂಗಳೂರೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಅಲ್ಲಿನ ಸಿಪಾನಿ ಕಾರ್ಖಾನೆಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಗಾಡಿಯ ಮಾದರಿಯಲ್ಲಿ 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಂದರು. ಎರಡು ಬಾಗಿಲು, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್ನು, ಉಕ್ಕಿನ ಚಾಸಿಯ ಮೇಲೆ ಗಾಜಿನ ನಾರಿನ ಮೈ. ಸಂಸಾರಿಗಳು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ಮೈ ಹಗುರವಾದ್ದರಿಂದ ಓಟದ ಹುಚ್ಚಿನವರು ಅದನ್ನು ಬಿಡಲಿಲ್ಲ. ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನದ ಹಾದಿಯಲ್ಲಿ ಓಟಗಳು ನಡೆಯುತ್ತಿದ್ದ ಕಾಲದಲ್ಲಿ ಡಾಲ್ಫಿನ್ ಗಾಡಿಗೆ ಒಂದು ಹೆಸರಿದ್ದಿತು.

ಅಂಥದೊಂದು ಡಾಲ್ಫಿನ್ ಕಳೆದ ಬೇಸಿಗೆಯಲ್ಲಿ ಲಾರಿಯ ಮೇಲೆ ಮಲಗಿಕೊಂಡು ನರಸಿಂಹರಾಜಪುರಕ್ಕೆ ಬಂದಿತು. ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರ ಮಗ ಅದರ ಒಡೆಯ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ಓಟದ ಕಣದಲ್ಲಿ, ಯಾರು ಬೇಕಾದರೂ ಹಣ ಕಟ್ಟಿ ಓಡಿಸಬಹುದಾದ ದಿನವೊಂದರಲ್ಲಿ, ತಿರುವಿನಲ್ಲಿ ಜಾರಿ ಟಯರುಗಳ ಗೋಡೆಗೆ ಗುದ್ದಿದ್ದರು. ಅವರ ಮೈಗೆ ಏನೂ ಆಗಿರಲಿಲ್ಲ. ಗಾಡಿಯ ಮುಖದ ಎಡಭಾಗವೇ ಇರಲಿಲ್ಲ. ಅದು ಒಂದು ಗೋಣಿಚೀಲದಲ್ಲಿ ಹಿಂದಿನ ಸೀಟಿನ ಮೇಲೆ ಕುಳಿತಿದ್ದಿತು.

ನಮ್ಮ ಊರಿಗೇ ಏಕೆ ಬಂದಿತೆಂದರೆ, ನಮ್ಮ ಬೀದಿಯ ಕೊನೆಯ ಶೆಡ್ಡಿನಲ್ಲಿ ಒಬ್ಬ ಮೇಸ್ತ್ರಿ ಇದ್ದಾರೆ. ಹರೆಯದಲ್ಲಿ ಕರಾವಳಿಯಲ್ಲಿ ಮೀನುಗಾರರ ಫೈಬರ್ ದೋಣಿ ಕಟ್ಟಿದವರು. ಈಗ ಭದ್ರೆಯ ಹಿನ್ನೀರಿನ ದೋಣಿ, ಒಡೆದ ನೀರಿನ ತೊಟ್ಟಿ, ಬಸ್ಸಿನ ಮೂತಿ ಇವುಗಳನ್ನು ಸರಿಮಾಡಿ ಜೀವನ ಸಾಗಿಸುತ್ತಾರೆ. ರಜೆಯಲ್ಲಿ ನಾನು ಅವರ ಕೈಯಾಳಾಗಿದ್ದೆ.

ಮೇಸ್ತ್ರಿ ಮೊದಲು ಕೇಳಿದ್ದು ಗೋಣಿಚೀಲವನ್ನು. ಚೂರುಗಳನ್ನು ಆಯ್ದು ತಂದದ್ದಕ್ಕೆ ಒಡೆಯರನ್ನು ಹೊಗಳಿದರು. ಬಲಗಡೆಯ ದೀಪದ ಸುತ್ತಿನ ಅಚ್ಚು ತೆಗೆದರೆ ಅದು ಎಡಕ್ಕೆ ಹೊಂದುವುದಿಲ್ಲ. ಬಲಗಾಲಿನ ಮೆಟ್ಟು ಎಡಗಾಲಿಗೆ ಹೊಂದದ ಹಾಗೆಯೇ. ಆದ್ದರಿಂದ ಕಳೆದ ಆಕಾರವನ್ನು ಬಲ್ಲವು ಆ ಚೂರುಗಳು ಮಾತ್ರ. ಎರಡು ದಿನ ನಾವು ಅವುಗಳನ್ನು ಜೋಡಿಸುತ್ತ ಕುಳಿತೆವು. ಹೊರಗಿನಿಂದ ತಗಡಿನ ಪಟ್ಟಿ, ಸಣ್ಣ ತಿರುಪುಮೊಳೆ ಹಾಕಿ ಹಿಡಿಸಿದ ಮೇಲೆ ಗಾಡಿಗೆ ಮತ್ತೆ ಮುಖ ಮೂಡಿತು.

ಆ ಮುಖ ಕಂಡೊಡನೆ ಒಡೆಯರಿಗೆ ಅವಸರ ಹುಟ್ಟಿತು. ಮುಂದಿನ ತಿಂಗಳು ಇನ್ನೊಂದು ಓಟವಿದ್ದಿತು, ಹಣವನ್ನೂ ಕಟ್ಟಿಯಾಗಿದ್ದಿತು.

"ಮೇಸ್ತ್ರಿಗಳೇ, ಮುಂದಿನದು ಮಾತ್ರ ಸರಿಮಾಡಿ ಬಣ್ಣ ಹೊಡೀರಿ. ಬಾಗಿಲ ಕಂಬದಲ್ಲಿ ಕೂದಲೆಳೆಯಷ್ಟು ಗೀರಿದೆ, ಅದಕ್ಕೆ ಪುಟ್ಟಿ ಸಾಕು."

"ಪುಟ್ಟಿ ಹಾಕ್ಬಹುದು ಮಾರಾಯ್ರೆ. ಹಾಕಿದ್ರೆ ನಿಮಗೂ ಕಾಣೋದಿಲ್ಲ, ನನಗೂ ಕಾಣೋದಿಲ್ಲ. ಗಾಡಿಗೆ ಮಾತ್ರ ಗೊತ್ತಿರ್ತದೆ."

ಹೀಗೆಂದು ಮೇಸ್ತ್ರಿ ವಾದಕ್ಕೆ ನಿಲ್ಲಲಿಲ್ಲ. ಒಂದು ರೂಪಾಯಿಯ ನಾಣ್ಯವನ್ನು ಒಡೆಯರ ಕೈಗೆ ಕೊಟ್ಟು, ಗೀರಿನಿಂದ ದೂರದಲ್ಲಿ ತಟ್ಟುತ್ತ ಹತ್ತಿರ ಬರಲು ಹೇಳಿದರು. ಹಲಸಿನ ಹಣ್ಣನ್ನು ತಟ್ಟಿ ನೋಡಿ ಬೆಳೆದ ಮಲೆನಾಡಿನವರಿಗೆ ಈ ವಿದ್ಯೆ ಹೊಸದಲ್ಲ. ಪದರಗಳು ಒಂದಾಗಿರುವಲ್ಲಿ ದನಿ ಗಟ್ಟಿಯಾಗಿ ಬರುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಸತ್ತ ದನಿ. ಸತ್ತ ದನಿ ಬಂದಲ್ಲೆಲ್ಲ ನಾನು ಸೀಮೆಸುಣ್ಣದ ಗುರುತು ಹಾಕಿದೆ. ಕೂದಲೆಳೆಯ ಗೀರು ಕಂಬದಿಂದ ಇಳಿದು ಕಾಲಿಡುವ ಹಲಗೆಯ ತನಕ ಒಂದೂವರೆ ಗೇಣು ಹೋಗಿದ್ದಿತು. ಒಡೆಯರು ಅದನ್ನು ಬಹಳ ಹೊತ್ತು ನೋಡಿದರು. ಅವರ ಕಾಲಿರುವ ಜಾಗವೇ ಅದು. "ಎಷ್ಟು ದಿನ ಬೇಕು?" ಎಂದು ಕೇಳಿದರು. ಮೇಸ್ತ್ರಿ ಮೂರು ವಾರ ಎಂದರು. ಆ ಓಟ ತಪ್ಪಿತು.

ಮುಂದಿನ ಕೆಲಸವೆಲ್ಲ ಒಳಮೈಯದು. ಒಳಗಿನ ಕೊಳೆ, ಎಣ್ಣೆ, ಬಣ್ಣ ಎಲ್ಲವನ್ನೂ ಕಳೆದು, ಬಿರುಕಿನ ಎರಡು ಕಡೆಯೂ ಇಳಿಜಾರಾಗಿ ಉಜ್ಜಬೇಕು. ಇಳಿಜಾರಿನ ಅಗಲ ಮೈಯ ದಪ್ಪದ ಹತ್ತು ಹನ್ನೆರಡು ಪಟ್ಟು ಇರಬೇಕೆಂದು ಲೆಕ್ಕ. ಹಳೆಯ ಪದರಕ್ಕೆ ಹೊಸ ಪದರ ಕಚ್ಚಿಕೊಳ್ಳಲು ಅಷ್ಟು ಹಿಡಿ ಬೇಕು. ಮೇಲೆ, ಚದರ ಮೀಟರಿಗೆ 450 ಗ್ರಾಂ ತೂಗುವ ನಾರಿನ ಚಾಪೆಯನ್ನು ರಾಳದಲ್ಲಿ ತೋಯಿಸಿ ಹಾಸುತ್ತಾರೆ. ಒಂದೊಂದು ಪದರ ಸುಮಾರು 1 ಮಿ.ಮೀ. ದಪ್ಪ. ಉರುಳೆಯಿಂದ ಒತ್ತಿ ಗಾಳಿಯ ಗುಳ್ಳೆಗಳನ್ನು ಹೊರಡಿಸದಿದ್ದರೆ ಆ ಗುಳ್ಳೆಯೇ ನಾಳಿನ ಬಿರುಕು.

ರಾಳ ಗಟ್ಟಿಯಾಗಲು ಬೆರೆಸುವ ಮದ್ದು ನೂರಕ್ಕೆ ಒಂದೆರಡು ಪಾಲು ಮಾತ್ರ. ಕೆಲಸ ಬೇಗನೆ ಆಗಲಿ ಎಂದು ಕೋಬಾಲ್ಟ್ ಎಂಬ ಇನ್ನೊಂದನ್ನೂ ಹಾಕುವುದುಂಟು. ಇವೆರಡನ್ನೂ ರಾಳವಿಲ್ಲದೆ ನೇರವಾಗಿ ಕೂಡಿಸಿದರೆ ಸಿಡಿಯುತ್ತದೆ. ಆದ್ದರಿಂದ ಮೇಸ್ತ್ರಿಯ ಶೆಡ್ಡಿನಲ್ಲಿ ಅವು ಎರಡು ಮೂಲೆಗಳಲ್ಲಿದ್ದವು, ಮುಖ ನೋಡದ ದಾಯಾದಿಗಳಂತೆ.

ಉಜ್ಜುವಾಗ ಏಳುವ ಗಾಜಿನ ಧೂಳು ಸಾಮಾನ್ಯವಾದುದಲ್ಲ. ಸಂಜೆ ತಣ್ಣೀರಿನಲ್ಲಿ ಎಷ್ಟು ತೊಳೆದರೂ ನನ್ನ ಮೊಣಕೈ ತುರಿಸುತ್ತಲೇ ಇರುತ್ತಿದ್ದಿತು. ಮುಖಕ್ಕೆ ಮಾಸ್ಕು ಕಟ್ಟದೆ ಗ್ರೈಂಡರ್ ಮುಟ್ಟಿದರೆ ಮೇಸ್ತ್ರಿ ಕೈಯಿಂದಲೇ ಕಸಿದುಕೊಳ್ಳುತ್ತಿದ್ದರು. ದೋಣಿ ಕಟ್ಟುವ ಕಾಲದಲ್ಲಿ ಅವರ ಮೂಗಿಗೆ ಇದ್ದದ್ದು ಒದ್ದೆ ಬೈರಾಸು ಒಂದೇ. ಈಗ ಇಳಿವಯಸ್ಸಿನಲ್ಲಿ, ರಾತ್ರಿ ಅವರ ಕೆಮ್ಮು ನಮ್ಮ ಮನೆಯವರೆಗೂ ಕೇಳಿಸುತ್ತದೆ. ಗಾಡಿಯನ್ನು ನಾಣ್ಯದಿಂದ ತಟ್ಟಿ ನೋಡುವ ಆ ಮನುಷ್ಯನ ಎದೆಯನ್ನು ಯಾರಾದರೂ ತಟ್ಟಿ ನೋಡಿದ್ದಾರೆಯೇ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆಸ್ಪತ್ರೆಗೆ ಹೋಗೋಣವೆಂದು ಒಮ್ಮೆ ಹೇಳಿದೆ. "ಈ ಗಾಡಿ ಮುಗೀಲಿ" ಎಂದರು.

ಅಷ್ಟರಲ್ಲಿ ಜೂನ್ ತಿಂಗಳ ಮಳೆ ಹಿಡಿಯಿತು. ನಾರಿನ ಚಾಪೆ ತೇವ ಕುಡಿದರೆ ರಾಳ ಸರಿಯಾಗಿ ಕಚ್ಚದು. ರಾಳದ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವುದರಿಂದ ಶೆಡ್ಡಿನಲ್ಲಿ ಬೆಂಕಿ ಹಾಕುವಂತಿಲ್ಲ. ಕೊನೆಗೆ ಚಾಪೆಯ ಸುರುಳಿಗಳು ಮೇಸ್ತ್ರಿಯ ಮನೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿದವು, ಅಲ್ಲಿದ್ದ ಅಡಕೆಯ ಪಕ್ಕದಲ್ಲಿ. ಮಳೆ ಬಿಟ್ಟ ಹೊತ್ತು ನೋಡಿ ಅಗತ್ಯವಿದ್ದಷ್ಟನ್ನು ಕತ್ತರಿಸಿ ತರುತ್ತಿದ್ದೆವು. ಮೂರು ವಾರ ಐದಾಯಿತು. ಹೊರಮೈಯ ಪುಟ್ಟಿ, ಮರಳು ಕಾಗದ, ಬಣ್ಣ ಇವೆಲ್ಲ ಕೊನೆಯ ಕೆಲವು ದಿನಗಳ ಕೆಲಸ. ನೋಡಲು ಬಂದವರೆಲ್ಲ ಹೊಗಳಿದ್ದು ಅದನ್ನೇ.

ಒಡೆಯರು ಗಾಡಿ ಒಯ್ಯಲು ಬಂದಾಗ ಒಳಗೂ ಬಣ್ಣ ಹೊಡೆಯಬಾರದಿತ್ತೇ ಎಂದರು. ಮೇಸ್ತ್ರಿ ಬೇಡವೆಂದರು. ಬೆಸುಗೆ ಬರಿಮೈಯಲ್ಲಿದ್ದರೆ ಹೊಸ ಬಿರುಕು ಹುಟ್ಟಿದ ದಿನವೇ ಕಣ್ಣಿಗೆ ಬೀಳುತ್ತದೆ, ಮುಂದೆ ಕೈಹಾಕುವವನಿಗೂ ಏನಾಗಿದೆಯೆಂದು ತಿಳಿಯುತ್ತದೆ. ತಾವು ನೋಡಿದ್ದು ಮೈ ಮಾತ್ರ, ಕೆಳಗಿನ ಉಕ್ಕಿನ ಚಾಸಿಯನ್ನು ಬಲ್ಲವರಿಂದ ಅಳೆಸದೆ ಓಟಕ್ಕೆ ಇಳಿಯಬೇಡಿ ಎಂದೂ ಹೇಳಿದರು. ಒಡೆಯರು ಒಪ್ಪಿ, ಹಣ ಕೊಟ್ಟು, ನಿಧಾನವಾಗಿಯೇ ಕೊಪ್ಪದ ರಸ್ತೆ ಹಿಡಿದರು.

ಗಾಡಿ ಮುಗಿದದ್ದರಿಂದ ಮರುದಿನ ಬೆಳಿಗ್ಗೆ ನಾನು ಮೇಸ್ತ್ರಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ.