ಹಲಾಲೋ ಎಂದು ಅವನು ಕೇಳಿದ, ಯಾರೆಂದು ನಾವು ಕೇಳಲಿಲ್ಲ

ಅಸರ್ ನಮಾಜ್ ಮುಗಿದಿತ್ತು. ಮಕ್ಕಳು ಪಾಠ ಒಪ್ಪಿಸಿ ಮನೆಗೆ ಹೋಗಿದ್ದರು. ಮದರಸದ ಜಗುಲಿಯಲ್ಲಿ ಚಂದಾ ರಸೀದಿಗಳ ಲೆಕ್ಕ ನೋಡುತ್ತ ಕುಳಿತಿದ್ದ ನಮ್ಮ ಬಳಿಗೆ ತರುಣನೊಬ್ಬ ಬಂದು ಕುಳಿತನು. ಇದೇ ಜಗುಲಿಯಲ್ಲಿ ನಮ್ಮಿಂದ ಅಲಿಫ್-ಬೆ ಕಲಿತವನು. ಈಗ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದನು. "ಹಜ್ರತ್, ಕ್ರಿಪ್ಟೊ ಕರೆನ್ಸಿ ಹಲಾಲೋ, ಹರಾಮೋ?" ಎಂದು ಕೇಳಿದನು.

ನಮಗೆ ಸಂತೋಷವಾಯಿತು. ನಮ್ಮ ತಳಕಲ್‌ನಲ್ಲಿ ಇಂತಹ ಪ್ರಶ್ನೆಯನ್ನು ಹೊತ್ತು ಬರುವವರು ವಿರಳ. ನಾವು ಅರ್ಧ ಗಂಟೆ ಮಾತನಾಡಿದೆವು. ಶರೀಅತ್ತಿನ ದೃಷ್ಟಿಯಲ್ಲಿ ಸಂಪತ್ತು ಎಂದರೇನು, ಬೆಲೆ ಎಂದರೇನು, ಕೊಳ್ಳುವವನಿಗೂ ಮಾರುವವನಿಗೂ ತಿಳಿಯದ ಅನಿಶ್ಚಿತತೆ ಸೇರಿಕೊಂಡ ವ್ಯವಹಾರವನ್ನು, ಅಂದರೆ ಗರರ್ ಇರುವ ಮಾರಾಟವನ್ನು, ಪ್ರವಾದಿ(ಸ)ಯವರು ಏಕೆ ನಿಷೇಧಿಸಿದರು ಎಂದೆಲ್ಲ ವಿವರಿಸಿದೆವು. ಈಜಿಪ್ಟಿನ ದಾರುಲ್ ಇಫ್ತಾ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರ ಸಲ್ಲದೆಂದು ಹೇಳಿದೆ, ಬೇರೆ ಕೆಲವು ವಿದ್ವಾಂಸರು ಷರತ್ತುಗಳೊಡನೆ ಒಪ್ಪಿದ್ದಾರೆ, ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ ಎಂದೂ ಹೇಳಿದೆವು. ಬಿ.ಎ. ಓದುವಾಗ ಅಭ್ಯಾಸವಾದ ಭಾಷಣದ ಚಪಲ ನಮ್ಮಲ್ಲಿ ಇನ್ನೂ ಉಳಿದಿದೆ. ಅವನು ವಿನಯದಿಂದ ಕೇಳಿಸಿಕೊಂಡು ಎದ್ದು ಹೋದನು.

ಈ ಪ್ರಶ್ನೆ ನಿನಗೆ ಎಲ್ಲಿಂದ ಬಂದಿತು, ಯಾರು ನಿನಗೆ ಇದನ್ನು ಹೇಳಿದರು ಎಂದು ನಾವು ಕೇಳಲಿಲ್ಲ.

ಒಂದು ವಾರದ ನಂತರ ಅವನು ಮತ್ತೆ ಬಂದು ಮದರಸಕ್ಕೆ 500 ರೂಪಾಯಿ ಸದಕಾ ಕೊಟ್ಟನು. "ಮೊದಲ ಸಂಪಾದನೆ" ಎಂದನು. ನಾವು ದುಆ ಮಾಡಿ ರಸೀದಿ ಬರೆದುಕೊಟ್ಟೆವು. ಆ ಬಳಿಕ ಎರಡು ತಿಂಗಳು ಅವನು ಜುಮಾಕ್ಕೂ ಕಾಣಿಸಲಿಲ್ಲ. ಕೊನೆಗೆ ಬಂದವರು ಅವನ ತಂದೆ. ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂಬಂತೆ, "ಹುಡುಗ ಊಟ ಬಿಟ್ಟಿದ್ದಾನೆ, ನೀವೊಮ್ಮೆ ಬಂದು ಮಾತಾಡಿಸಬೇಕು" ಎಂದರು.

ಅವರ ಮನೆಯಲ್ಲಿ ಆ ರಾತ್ರಿ ತಿಳಿದುದನ್ನು ಇಲ್ಲಿ ಬರೆಯಲು ತಂದೆ-ಮಗ ಇಬ್ಬರ ಒಪ್ಪಿಗೆ ಪಡೆದಿದ್ದೇವೆ.

ಮೊದಲ ಸಂದೇಶದಲ್ಲಿದ್ದುದು ಸಲಾಮ್ ಮಾತ್ರ. ಅಪರಿಚಿತ ನಂಬರ್, ಹೆಣ್ಣಿನ ಹೆಸರು, ತಲೆವಸ್ತ್ರ ಧರಿಸಿದ ಭಾವಚಿತ್ರ. ಹುಡುಗ ಸಲಾಮಿಗೆ ಉತ್ತರ ಬರೆದನು. ಸಲಾಮಿಗೆ ಅದರಂತೆಯೇ ಅಥವಾ ಅದಕ್ಕಿಂತ ಉತ್ತಮವಾಗಿ ಉತ್ತರಿಸಬೇಕೆಂದು ಸೂರಃ ಅನ್ನಿಸಾದಲ್ಲಿ ಆಜ್ಞೆಯಿದೆ ಎಂದು ಅವನಿಗೆ ಕಲಿಸಿದವರು ನಾವೇ. "ಕ್ಷಮಿಸಿ, ನಂಬರ್ ತಪ್ಪಿತು" ಎಂದು ಆಚೆಯಿಂದ ಬಂದಿತು. ಮರುದಿನ ಕುಶಲ ಪ್ರಶ್ನೆ. ಹತ್ತು ದಿನ ಹಣದ ಮಾತೇ ಇಲ್ಲ. ನಮಾಜ್ ಆಯಿತೇ, ಅಮ್ಮನ ಮಂಡಿ ನೋವು ಹೇಗಿದೆ, ಕೆಲಸ ಸಿಕ್ಕಿತೇ. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಮಗನನ್ನು ನಮ್ಮೂರಿನಲ್ಲಿ ಯಾರೂ ಅಷ್ಟು ಮೃದುವಾಗಿ ವಿಚಾರಿಸಿರಲಿಲ್ಲ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ.

ಹನ್ನೊಂದನೆಯ ದಿನ, ತನ್ನ ಚಿಕ್ಕಪ್ಪ ದುಬೈಯಲ್ಲಿ ಕ್ರಿಪ್ಟೊ ವ್ಯವಹಾರ ನಡೆಸುತ್ತಾರೆ, ಬಡ್ಡಿಯ ಸೋಂಕಿಲ್ಲ, ಸಂಪೂರ್ಣ ಹಲಾಲ್ ಎಂದು ಆಕೆ ಬರೆದಳು. ಅವನು ನಮ್ಮ ಬಳಿಗೆ ಬಂದದ್ದು ಮರುದಿನವೇ. "ಭಿನ್ನಾಭಿಪ್ರಾಯವಿದೆ" ಎಂಬ ನಮ್ಮ ಮಾತನ್ನು ಅವನು ಅನುಮತಿಯೆಂದು ತಿಳಿದನು.

ಕಳುಹಿಸಿದ ಕೊಂಡಿಯಿಂದ ಆ್ಯಪ್ ಇಳಿಸಿಕೊಂಡು 5,000 ರೂಪಾಯಿ ಹಾಕಿದನು. ಮೂರು ದಿನಗಳಲ್ಲಿ 5,900 ಆಯಿತು. ಹಿಂಪಡೆದಾಗ ನಿಜವಾಗಿಯೂ ಬ್ಯಾಂಕ್ ಖಾತೆಗೆ ಬಂದಿತು. ಅನುಮಾನ ಸತ್ತದ್ದು ಅಲ್ಲಿ. ಹೊಸ ರೈಲು ಮಾರ್ಗಕ್ಕೆ ಹೋದ ಎರೆಹೊಲದ ಪರಿಹಾರದ ಹಣದಲ್ಲಿ ತಂದೆ ಮಗಳ ಮದುವೆಗೆಂದು ಎತ್ತಿಟ್ಟಿದ್ದ 2,50,000 ರೂಪಾಯಿ ಕಂತು ಕಂತಾಗಿ ಹೋಯಿತು. ಆ್ಯಪ್‌ನಲ್ಲಿ ಅದು 9,00,000 ಎಂದು ಕಾಣಿಸಿತು. ಹಿಂಪಡೆಯಲು ಹೋದರೆ, ಮೊದಲು ಸರಕಾರದ ತೆರಿಗೆಯೆಂದು 90,000 ಕಟ್ಟಬೇಕು ಎಂದರು. ಸೋದರಮಾವನಿಂದ ಸಾಲ ತಂದು ಕಟ್ಟಿದನು. ಆಮೇಲೆ ಭದ್ರತಾ ಠೇವಣಿ 60,000 ಎಂದರು. ಅದಕ್ಕೆ ಹಣ ಹೊಂದಿಸಲಾಗದೆ ಅವನು ಮಾತು ಬಿಟ್ಟನು, ಊಟ ಬಿಟ್ಟನು.

ಆ ರಾತ್ರಿಯ ನಂತರ ನಾವು ಈ ವಿಷಯವನ್ನು ಬಲ್ಲವರನ್ನು ಕೇಳಿ ಅರಿತುಕೊಂಡೆವು. ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಸಂಗತಿಯೆಂದರೆ, ಅಲ್ಲಿ ಕ್ರಿಪ್ಟೊ ಕರೆನ್ಸಿಯೇ ಇರಲಿಲ್ಲ. ಬಿಟ್‌ಕಾಯಿನ್ ಎಂಬುದು 2009ರಿಂದ ನಡೆದುಬಂದಿರುವ ಒಂದು ಬಹಿರಂಗ ಲೆಕ್ಕದ ಪುಸ್ತಕ. ಅದರ ಒಳಿತು-ಕೆಡುಕಿನ ಚರ್ಚೆ ಬೇರೆ. ಈ ಹುಡುಗನ ಆ್ಯಪ್‌ಗೆ ಆ ಪುಸ್ತಕದೊಡನೆ ಯಾವ ಸಂಬಂಧವೂ ಇರಲಿಲ್ಲ. ತೆರೆಯ ಮೇಲೆ ಏರುತ್ತಿದ್ದ ಅಂಕಿಗಳನ್ನು ಯಾರೋ ಕುಳಿತು ಬರೆಯುತ್ತಿದ್ದರು, ಸಂತೆಯಲ್ಲಿ ಬಣ್ಣದ ಚಿತ್ರ ಬರೆದ ಹಾಗೆ. ಅವನು ಕಳುಹಿಸಿದ ಹಣವೂ ಯಾವುದೇ ವಿನಿಮಯ ಕೇಂದ್ರಕ್ಕೆ ಹೋಗಿರಲಿಲ್ಲ. ಬೇರೆ ಬೇರೆ ರಾಜ್ಯಗಳ ಸಾಮಾನ್ಯ ಜನರ ಹೆಸರಿನ ಖಾತೆಗಳಿಗೆ ಹೋಗಿತ್ತು. ಇಲ್ಲದ ವಸ್ತುವಿನ ಹಲಾಲ್-ಹರಾಮಿನ ಬಗ್ಗೆ ನಾವು ಅರ್ಧ ಗಂಟೆ ಉಪನ್ಯಾಸ ಮಾಡಿದ್ದೆವು.

ತೆರಿಗೆಯ ಮಾತೂ ಅಷ್ಟೇ. ಕ್ರಿಪ್ಟೊ ಲಾಭದ ಮೇಲೆ ನಮ್ಮ ದೇಶದಲ್ಲಿ 2022ರ ಏಪ್ರಿಲ್‌ನಿಂದ ಶೇಕಡ 30ರಷ್ಟು ತೆರಿಗೆ ಇರುವುದು ನಿಜ. ವಂಚಕರು ಆ ನಿಜದ ತುಂಡನ್ನೇ ಹಿಡಿದಿದ್ದರು. ಆದರೆ ಆದಾಯ ತೆರಿಗೆಯನ್ನು ಕಟ್ಟುವುದು ಸರಕಾರಕ್ಕೆ. ನಮ್ಮದೇ ಹಣವನ್ನು ಬಿಡಿಸಿಕೊಳ್ಳಲು ಅಪರಿಚಿತನ ಖಾತೆಗೆ ಕಟ್ಟುವ ತೆರಿಗೆ ಎಂಬುದು ಎಲ್ಲಿಯೂ ಇಲ್ಲ. ಇಲ್ಲಿ ವ್ಯವಹರಿಸುವ ಕ್ರಿಪ್ಟೊ ಸಂಸ್ಥೆಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಮಾಡಿಸಿರಬೇಕೆಂಬ ನಿಯಮವೂ 2023ರಿಂದ ಇದೆ. ನೋಂದಣಿಯಾದ ಮಾತ್ರಕ್ಕೆ ಲಾಭ ಖಚಿತವೆಂದಲ್ಲ. ಆದರೆ ಕೊಂಡಿಯಲ್ಲಿ ಬಂದ ಆ್ಯಪ್‌ಗೆ ಅಷ್ಟೂ ಇರುವುದಿಲ್ಲ.

ಹಲಾಲ್ ಎಂಬ ಪದಕ್ಕೆ ನಮ್ಮ ಸಮುದಾಯ ತೆತ್ತ ಬೆಲೆ ಇದೇ ಮೊದಲಲ್ಲ. ಬೆಂಗಳೂರಿನ ಐಎಂಎ ಸಂಸ್ಥೆಯನ್ನು ಓದುಗರು ಮರೆತಿರಲಾರರು. 2006ರಲ್ಲಿ ಆರಂಭವಾಗಿ, ಬಡ್ಡಿಯಿಲ್ಲದ ಹೂಡಿಕೆಯೆಂದು ಹೇಳಿಕೊಂಡು ಬೆಳೆದ ಆ ಸಂಸ್ಥೆಯ ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ 2019ರ ಜೂನ್‌ನಲ್ಲಿ ದುಬೈಗೆ ಹೊರಟುಹೋದನು. ಜುಲೈನಲ್ಲಿ ದೆಹಲಿಯಲ್ಲಿ ಇಳಿದಾಗ ಬಂಧನವಾಯಿತು. ಸಾವಿರಾರು ಕುಟುಂಬಗಳ, ವಿಧವೆಯರ, ನಿವೃತ್ತರ, ಹಜ್ಜಿಗೆಂದು ಕೂಡಿಟ್ಟವರ ಹಣ ಮುಳುಗಿತು. ಶಿವಾಜಿನಗರದ ಕಚೇರಿಯ ಎದುರು ಬುರ್ಖಾ ಧರಿಸಿದ ತಾಯಂದಿರು ಸಾಲುಗಟ್ಟಿ ನಿಂತ ದೃಶ್ಯ ನಮ್ಮ ಕಣ್ಣಿನಲ್ಲಿ ಇನ್ನೂ ಇದೆ. ಅಲ್ಲಿ ಕಡೇಪಕ್ಷ ಬಡಿಯಲು ಒಂದು ಬಾಗಿಲಿತ್ತು, ಹಿಡಿಯಲು ಒಂದು ಹೆಸರಿತ್ತು. ಈಗ ಬರುವ ಸಂದೇಶಕ್ಕೆ ಅದೂ ಇಲ್ಲ.

ಸೂರಃ ಅಲ್ ಹುಜುರಾತ್‌ನ 6ನೇ ಆಯತ್ತಿನಲ್ಲಿ ಸುದ್ದಿಯನ್ನು ಪರಿಶೀಲಿಸಬೇಕೆಂಬ ಆದೇಶವಿದೆ. ಸುದ್ದಿಗಿಂತ ಮೊದಲು ಅದನ್ನು ತಂದವನು ಯಾರೆಂಬುದನ್ನು ಅದು ನಮ್ಮ ಮುಂದಿಡುತ್ತದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಆಯತ್ತು ಯಾವುದೆಂದು ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ: ಸೂರಃ ಅಲ್ ಬಕರಃದ 282ನೆಯದು. ಅದರ ವಿಷಯ ಸಾಲವನ್ನು ಬರೆದಿಡುವುದು, ಸಾಕ್ಷಿಗಳನ್ನು ನಿಲ್ಲಿಸುವುದು. ಮಕ್ಕಳಿಂದ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದೆವು. ಎರಡೂವರೆ ಲಕ್ಷ ಕೊಡುವಾಗ ಬರಹ ಎಲ್ಲಿ, ಸಾಕ್ಷಿ ಎಲ್ಲಿ ಎಂದು ಕೇಳುವ ಅಭ್ಯಾಸ ಮಾಡಿಸಲಿಲ್ಲ. ಹಾಗೆಂದು ಸಲಾಮಿಗೆ ಉತ್ತರಿಸದೆ ಇರಬೇಕೇ ಎಂದು ಕೇಳಿದವರಿದ್ದಾರೆ. ಪತ್ರದಲ್ಲಿ ಬಂದ ಸಲಾಮಿಗೆ ನಾಲಿಗೆಯಿಂದ ಉತ್ತರಿಸಿದರೂ ಸಾಕೆಂದು ಫಿಕ್ಹ್ ಗ್ರಂಥಗಳು ಹೇಳುತ್ತವೆ. ಅಪರಿಚಿತ ನಂಬರಿಗೆ ಅಷ್ಟು ಮಾಡಿ ಸುಮ್ಮನಾಗಬಹುದು. ಬರೆದು ಉತ್ತರಿಸಿದರೆ, ಈ ನಂಬರಿನ ಆಚೆ ಓದುವ ಮನುಷ್ಯನಿದ್ದಾನೆ ಎಂಬುದು ಅವರಿಗೆ ಖಾತ್ರಿಯಾಗುತ್ತದೆ.

ಆ ಹೆಣ್ಣಿನ ಮೇಲೆ ನಮಗೆ ಬಹಳ ಸಿಟ್ಟಿತ್ತು. ಬಳಿಕ ಬೇರೊಂದು ಸಂಗತಿ ತಿಳಿಯಿತು. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಬಲವಂತದಿಂದ ಇಂತಹ ವಂಚನೆಯ ಕೆಲಸಕ್ಕೆ ಹಚ್ಚಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ವರದಿ ಮಾಡಿತ್ತು. ಒಳ್ಳೆಯ ಕೆಲಸವೆಂದು ನಂಬಿ ಹೋದವರು, ಪಾಸ್‌ಪೋರ್ಟ್ ಕಸಿದುಕೊಂಡ ಮೇಲೆ ಸಲಾಮ್ ಕಳುಹಿಸುತ್ತ ಕುಳಿತಿರುವವರು. ಅವರಲ್ಲಿ ಭಾರತೀಯರೂ ಇದ್ದರು. 2025ರ ಮಾರ್ಚ್‌ನಲ್ಲಿ ನೂರಾರು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ನಮ್ಮ ಹುಡುಗನಿಗೆ ಬರೆದವಳು, ಅಥವಾ ಬರೆದವನು, ಅಂಥವರೇ ಎಂದು ನಾವು ಹೇಳಲಾರೆವು. ಆದರೆ ಬದ್‌ದುಆ ಮಾಡಲು ಎತ್ತಿದ ಕೈ ಆ ದಿನ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ ಹುಡುಗನಿಂದ 1930ಕ್ಕೆ ಕರೆ ಮಾಡಿಸಿ, ಅವನೊಡನೆ ರೈಲು ಹತ್ತಿ ಕೊಪ್ಪಳಕ್ಕೆ ಹೋಗಿ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು. ಕೊನೆಯ ಕಂತು ಹೋಗಿ ಆಗಲೇ 19 ದಿನಗಳಾಗಿದ್ದವು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಗಂಟೆಗಳಲ್ಲಿ ಜಿಗಿಯುತ್ತದೆ. ತಕ್ಷಣ ಕರೆ ಮಾಡಿದರೆ ನಡುವೆಯೇ ತಡೆದು ನಿಲ್ಲಿಸುವ ಸಾಧ್ಯತೆ ಇರುತ್ತದೆ. ಒಂದು ಖಾತೆಯಲ್ಲಿ ಉಳಿದಿದ್ದ 11,000 ರೂಪಾಯಿಗೆ ಮಾತ್ರ ತಡೆ ಬಿದ್ದಿತು. ಹತ್ತೊಂಬತ್ತು ದಿನ ಅವನ ಬಾಯಿ ಕಟ್ಟಿದ್ದು ವಂಚಕರಲ್ಲ, ಮರ್ಯಾದೆಯ ಭಯ. ಮೊಹಲ್ಲಾದಲ್ಲಿ ನಗುತ್ತಾರೆ, ತಂಗಿಯ ಸಂಬಂಧ ಮುರಿಯುತ್ತದೆ, ಹಜ್ರತ್ ಏನೆನ್ನುತ್ತಾರೆ.

ದೂರು ಕೊಟ್ಟ ಮೇಲೂ ಅವನ ಮೊಬೈಲಿಗೆ ಇನ್ನೊಂದು ಸಂದೇಶ ಬಂದಿತು. ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ, ಶುಲ್ಕ 15,000 ಎಂದು. ಮೋಸಹೋದವರ ನಂಬರುಗಳೂ ಮಾರಾಟವಾಗುತ್ತವೆಯಂತೆ. ಈ ಬಾರಿ ಅವನು ನೇರವಾಗಿ ನಮ್ಮ ಬಳಿಗೆ ಬಂದು ಮೊಬೈಲ್ ತೋರಿಸಿದನು. ಇನ್ನೊಬ್ಬ ಹುಡುಗನೂ ಜೊತೆಗೆ ಬಂದಿದ್ದನು. ಬ್ಯಾಂಕ್ ಖಾತೆಯನ್ನು ತಿಂಗಳಿಗೆ 5,000ಕ್ಕೆ ಬಾಡಿಗೆ ಕೊಡುವೆಯಾ ಎಂದು ಅವನಿಗೆ ಯಾರೋ ಕೇಳಿದ್ದರಂತೆ. ಬೇರೆ ರಾಜ್ಯದ ಆ ಸಾಮಾನ್ಯ ಜನರ ಹೆಸರುಗಳು ಹೇಗೆ ಬಂದವೆಂಬುದು ನಮಗೆ ಆಗ ಅರ್ಥವಾಯಿತು. ಕೊಡಬೇಡ, ಕೊಟ್ಟರೆ ನಾಳೆ ಪೊಲೀಸರು ಬರುವುದು ನಿನ್ನ ಮನೆಗೆ ಎಂದೆವು. ಈ ಸಲ ಉಪನ್ಯಾಸ ಮಾಡಲಿಲ್ಲ.

ಉಳಿದಿರುವುದು ರಸೀದಿ ಪುಸ್ತಕ. ಆ 5,900ರಲ್ಲಿ ಹೆಚ್ಚುವರಿಯಾಗಿ ಬಂದ 900 ರೂಪಾಯಿ ಯಾವ ವ್ಯಾಪಾರದ ಲಾಭವೂ ಅಲ್ಲ. ಅವನಿಗಿಂತ ಮೊದಲು ಮೋಸಹೋದ ಯಾರದೋ ಹಣ. ಅದರಲ್ಲಿ 500 ನಮ್ಮ ಮದರಸದ ಪೆಟ್ಟಿಗೆಗೆ ಬಿದ್ದಿದೆ. ಒಡೆಯ ಸಿಕ್ಕರೆ ಹಿಂದಿರುಗಿಸಬೇಕು. ಸಿಗದಿದ್ದರೆ ಪುಣ್ಯದ ಅಪೇಕ್ಷೆಯಿಲ್ಲದೆ ಬಡವರಿಗೆ ಸೇರಿಸಬೇಕು ಎಂಬುದು ಉಲಮಾಗಳ ಮಾತು. ಕಮಿಟಿಯ ಸಭೆಯಲ್ಲಿ ವಿಷಯವಿಟ್ಟೆವು. ತನಿಖೆ ಮುಗಿಯುವವರೆಗೆ ಪ್ರತ್ಯೇಕವಾಗಿಡೋಣ ಎಂದು ತೀರ್ಮಾನವಾಯಿತು. ಆ 500 ರೂಪಾಯಿಯನ್ನು ಒಂದು ಲಕೋಟೆಯಲ್ಲಿ ಹಾಕಿ, ಅವನ ರಸೀದಿಯ ನಮ್ಮ ಪ್ರತಿಯ ಜೊತೆಗೆ ಪಿನ್ ಮಾಡಿ, ಕಪಾಟಿನ ಕೆಳಖಾನೆಯಲ್ಲಿ ಇಟ್ಟಿದ್ದೇವೆ.